ಬ್ಯಾಟರಿಯ ಹಲ್ಲು ಎಣಿಸುವುದು ಹೇಗೆ?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೊದಲು ಹಿಡಿಯುವುದು ಅದರ ಬಾಯಿಯನ್ನು. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ನೋಡಿ ವಯಸ್ಸು ತಿಳಿಯುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯವಿದೆಯೇ ಎಂದು ಮುಟ್ಟಿ ನೋಡುತ್ತಾನೆ. ಟವೆಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿಯುವುದು ಇದೆಲ್ಲ ಮುಗಿದ ಮೇಲೆ. ಮಾರುವವನು ಎಷ್ಟೇ ಹೊಗಳಲಿ, ಎತ್ತಿನ ಬಾಯಿ ಸುಳ್ಳು ಹೇಳುವುದಿಲ್ಲ.

ಸಂಡೂರು ತಾಲ್ಲೂಕಿನ ಯಶವಂತನಗರದ ಕಡೆ ಈ ವಿದ್ಯೆ ಎತ್ತಿನಿಂದ ಲಾರಿಗೆ ಬಂದು ಎಷ್ಟೋ ಕಾಲವಾಯಿತು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲು ದಾರಿಯ ಮೇಲಿರುವ ಈ ಊರಿನ ಸುತ್ತ ಅದಿರಿನ ಗುಡ್ಡಗಳು, ಅದಿರು ಹೊರುವ ಲಾರಿಗಳು. ಹಳೆಯ ಲಾರಿ ನೋಡಲು ಹೋದ ಇಲ್ಲಿಯವರು ಬಣ್ಣಕ್ಕೆ ಮರುಳಾಗುವುದಿಲ್ಲ. ಷಾಸಿಯ ಕೆಳಗೆ ನುಗ್ಗಿ ವೆಲ್ಡಿಂಗ್ ಗುರುತು ಹುಡುಕುತ್ತಾರೆ, ಪಾಟಾ ಎಣಿಸುತ್ತಾರೆ, ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಹೊಗೆ ನೋಡುತ್ತಾರೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಾಲದ ಕಂತು ಕಟ್ಟಲಾಗದೆ ಲಾರಿಗಳು ಮನೆ ಮುಂದೆ ತುಕ್ಕು ಹಿಡಿದು ನಿಂತದ್ದನ್ನೂ, ಫೈನಾನ್ಸಿನವರು ಬಂದು ಎಳೆದುಕೊಂಡು ಹೋದದ್ದನ್ನೂ ಈ ಸೀಮೆ ಕಂಡಿದೆ. ಸಾಲವಿರುವ ಗಾಡಿಯನ್ನು ಬಾಯಿಮಾತಿನ ಮೇಲೆ ಕೊಂಡರೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಈಗ ಒಂದು ಹೊಸ ಆಸೆ ಎದ್ದಿದೆ ಎನ್ನಿ. ನಾಲ್ಕು ಟಿಪ್ಪರ್ ಇಟ್ಟುಕೊಂಡವರೊಬ್ಬರಿಗೆ ಒಳ್ಳೆಯ ಕಾರು ಬೇಕು, ಅದೂ ವಿದ್ಯುತ್ ಕಾರು. ಹೊಸದು ಕೋಟಿ ರೂಪಾಯಿ. ಹಳೆಯದಾದರೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬಹಳ ಕಡಿಮೆಗೆ ಸಿಗುತ್ತದೆ. ಸಿಗುವುದೇನೋ ನಿಜ. ಮರ್ಸಿಡಿಸ್ ಕಂಪನಿಯ ಇಕ್ಯುಸಿ ಭಾರತಕ್ಕೆ ಬಂದದ್ದು 2020ರ ಅಕ್ಟೋಬರಿನಲ್ಲಿ, 99.30 ಲಕ್ಷ ರೂಪಾಯಿಗೆ. ಮರುವರ್ಷ ಮಾರ್ಚಿನಲ್ಲಿ ಜಾಗ್ವಾರ್ ಐ-ಪೇಸ್, ಜುಲೈಯಲ್ಲಿ ಔಡಿ ಇ-ಟ್ರಾನ್, ಡಿಸೆಂಬರಿನಲ್ಲಿ ಬಿಎಂಡಬ್ಲ್ಯು ಐಎಕ್ಸ್ ಬಂದವು. ಮೊದಲು ಕೊಂಡವರಿಗೆ ಆ ಕಾರುಗಳು ಹಳತಾಗಿವೆ; ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ‘ಸಿಂಗಲ್ ಹ್ಯಾಂಡ್ ಗಾಡಿ ಸಾರ್, ಡಾಕ್ಟರು ಓಡಿಸಿದ್ದು’ ಎಂಬ ಹಳೆಯ ಮಂತ್ರವೂ ಜೊತೆಗೇ ಬರುತ್ತದೆ. ನಾಡಿನಲ್ಲಿ ಮಾರಾಟಕ್ಕಿರುವ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ಆಸ್ಪತ್ರೆಗಳಲ್ಲಿ ಯಾರಿದ್ದರು ಎಂದು ಕೇಳಿದವರಿಲ್ಲ.

ತೊಂದರೆ ಏನೆಂದರೆ, ಲಾರಿಯ ಮುಂದೆ ಉಪಯೋಗಕ್ಕೆ ಬರುವ ವಿದ್ಯೆ ಈ ಕಾರಿನ ಮುಂದೆ ಅರ್ಧ ನಿಷ್ಪ್ರಯೋಜಕ. ಹೊಗೆ ಇಲ್ಲ, ಆಯಿಲ್ ಇಲ್ಲ, ಇಂಜಿನ್ನಿನ ಸದ್ದೂ ಇಲ್ಲ. ಬೆಲೆಯ ಬಹು ದೊಡ್ಡ ಪಾಲು ಇರುವುದು ಕಾರಿನ ಹೊಟ್ಟೆಯಡಿ ಬೀಗ ಹಾಕಿದಂತೆ ಮುಚ್ಚಿರುವ ಬ್ಯಾಟರಿಯಲ್ಲಿ. ಅದು ಸವೆದಿದ್ದರೂ ಕಾರು ಹೊಸದರಂತೆಯೇ ಚಿಮ್ಮುತ್ತದೆ. ನಾಲ್ಕು ಕಿಲೋಮೀಟರ್ ಓಡಿಸಿ ನೋಡಿದರೆ ಏನೂ ತಿಳಿಯದು.

ಕನ್ನಡಿಗರಿಗೆ ಈ ಪಾಠ ಮೊದಲು ಕಲಿಸಿದ್ದು ಬೆಂಗಳೂರಿನದೇ ಕಾರು. ಚೇತನ್ ಮೈನಿ ಅವರ ರೇವಾ 2001ರಲ್ಲಿ ರಸ್ತೆಗಿಳಿಯಿತು. ಪುಟ್ಟ ಗಾಡಿ, ಒಳಗೆ ಸೀಸದ ಬ್ಯಾಟರಿಗಳು. ಕೆಲವು ವರ್ಷಕ್ಕೊಮ್ಮೆ ಅವನ್ನು ಬದಲಿಸಲೇಬೇಕು. ಸೆಕೆಂಡ್ ಹ್ಯಾಂಡ್ ರೇವಾ ಅಗ್ಗವೋ ದುಬಾರಿಯೋ ಎನ್ನುವುದು ಕಾರನ್ನು ನೋಡಿ ಹೇಳುವ ಮಾತಾಗಿರಲಿಲ್ಲ. ಬ್ಯಾಟರಿ ಹಾಕಿಸಿದ ರಸೀದಿಯ ತಾರೀಖು ನೋಡಿ ಹೇಳಬೇಕಾಗಿತ್ತು. ಇಂದಿನ ಲಿಥಿಯಂ ಬ್ಯಾಟರಿ ಬಹಳ ಹೆಚ್ಚು ಬಾಳುತ್ತದೆ. ಆದರೆ ಅದನ್ನು ಬದಲಿಸಬೇಕಾಗಿ ಬಂದರೆ ರೇವಾದ ಲೆಕ್ಕ ಮಕ್ಕಳಾಟ.

ಲಿಥಿಯಂ ಬ್ಯಾಟರಿಗೆ ಮೂರು ವೈರಿಗಳು. ಮೊದಲನೆಯದು ಬಿಸಿಲು. ಎರಡನೆಯದು ತುಂಬಾ ತುಂಬಿಸಿ ದಿನಗಟ್ಟಲೆ ನಿಲ್ಲಿಸುವ ಅಭ್ಯಾಸ. ಮೂರನೆಯದು ಹೆದ್ದಾರಿಯ ವೇಗದ ಚಾರ್ಜರಿನಲ್ಲೇ ನಿತ್ಯವೂ ತುಂಬಿಸುವುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ಷೆಡ್ಡಿಲ್ಲದೆ ನಿಂತ ಕಾರಿಗೂ ಬೆಂಗಳೂರಿನ ನೆಲಮಾಳಿಗೆಯಲ್ಲಿ ನಿಂತ ಕಾರಿಗೂ ಅದೇ ಕಿಲೋಮೀಟರಿಗೆ ಬೇರೆ ಬೇರೆ ವಯಸ್ಸು. ಈ ದುಬಾರಿ ಕಾರುಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡಲು ದ್ರವ ಹರಿಸುವ ಏರ್ಪಾಡಿರುವುದರಿಂದ ಸವೆತ ನಿಧಾನ. ಇಲ್ಲವೇ ಇಲ್ಲ ಎಂದಲ್ಲ. ಮೀಟರಿನಲ್ಲಿ 30,000 ಕಿ.ಮೀ. ತೋರಿಸಿತು ಎಂದ ಮಾತ್ರಕ್ಕೆ ಸಮಾಧಾನ ಪಡಬೇಕಾಗಿಲ್ಲ.

ಹಾಗಾದರೆ ಹಲ್ಲು ಎಣಿಸುವುದು ಹೇಗೆ? ಸರಿಯಾದ ದಾರಿ, ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಕಾರನ್ನು ಒಯ್ದು, ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟಿದೆ ಎಂದು ಬರವಣಿಗೆಯಲ್ಲಿ ಪಡೆಯುವುದು. ಷಾಸಿ ನಂಬರ್ ಕೊಟ್ಟರೆ ಕಾರು ಅಲ್ಲಿಯವರೆಗೆ ಯಾವ ಯಾವ ಅಧಿಕೃತ ಸರ್ವೀಸಿಗೆ ಬಂದಿತ್ತು, ಏನೇನು ಬದಲಾಯಿತು ಎಂಬುದು ಅವರ ಕಂಪ್ಯೂಟರಿನಲ್ಲಿರುತ್ತದೆ. ಅದನ್ನು ಕೇಳಿ ಪಡೆಯಬೇಕಾದವನು ಮಾರುವವನು. ಕೊಳ್ಳುವವನು ಒತ್ತಾಯ ಮಾಡಬೇಕು, ಅಷ್ಟೆ. ‘ಅದೆಲ್ಲ ಯಾಕೆ ಸಾರ್’ ಎಂದು ಮಾರುವವನು ಜಾರಿಕೊಂಡರೆ ಅದೇ ಒಂದು ಉತ್ತರ.

ಇನ್ನೊಂದು ದಾರಿ ಹಳ್ಳಿಯ ಲೆಕ್ಕದ್ದು. ಜೆಸ್ಕಾಂ ಮೀಟರ್ ಓದಬಲ್ಲ ಯಾರಾದರೂ ಮಾಡಬಹುದು. ಔಡಿ ಇ-ಟ್ರಾನ್ 55 ಎಂಬ ಕಾರಿನದು 95 ಯೂನಿಟ್‌ನ ಬ್ಯಾಟರಿ. ಅದರಲ್ಲಿ ಓಡಿಸಲು ಸಿಗುವುದು ಹೊಸದರಲ್ಲಿ ಸುಮಾರು 86 ಯೂನಿಟ್. ಕಾರನ್ನು ಶೇ 20ಕ್ಕೆ ಇಳಿಸಿ, ಮೀಟರ್ ಇರುವ ಚಾರ್ಜರಿಗೆ ಹಚ್ಚಿ, ಶೇ 80ಕ್ಕೆ ಏರುವವರೆಗೆ ಕಾಯಬೇಕು. ನಡುವಿನ ಶೇ 60 ಎಂದರೆ 52 ಯೂನಿಟ್ ಆಯಿತು. ತುಂಬುವಾಗ ಹತ್ತರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆಂದು ಹಿಡಿದರೆ ಗೋಡೆಯ ಮೀಟರ್ 57–58 ಯೂನಿಟ್ ತೋರಿಸಬೇಕು. ಅಷ್ಟರ ಬದಲು 46 ಯೂನಿಟ್‌ಗೇ ಕಾರು ‘ಶೇ 80 ತುಂಬಿತು’ ಎಂದರೆ, 86ರ ಪಾತ್ರೆ 69ಕ್ಕೆ ಕುಗ್ಗಿದೆ ಎಂದರ್ಥ. ಐದರಲ್ಲಿ ಒಂದು ಪಾಲು ಹೋಯಿತು. ಮನೆಯ ಚಾರ್ಜರಿನಲ್ಲಿ ಈ ಪರೀಕ್ಷೆಗೆ ಒಂದು ರಾತ್ರಿ ಬೇಕಾಗುತ್ತದೆ. ಇದು ತಕ್ಕಡಿಯ ತೂಕವಲ್ಲ, ಅಂದಾಜು. ಎರಡು ಮೂರು ಯೂನಿಟ್ ಹೆಚ್ಚುಕಡಿಮೆಗೆ ಗಾಬರಿಯಾಗಬೇಕಾಗಿಲ್ಲ. ಹತ್ತು ಹನ್ನೆರಡು ಯೂನಿಟ್ ವ್ಯತ್ಯಾಸ ಬಂದರೆ ಮಾತು ಬೇರೆ.

ಆ ಐದನೆಯ ಒಂದು ಪಾಲಿನ ಬೆಲೆ ಯಶವಂತನಗರದವರಿಗೆ ತಿಳಿಯುವಷ್ಟು ಬೆಂಗಳೂರಿನವರಿಗೆ ತಿಳಿಯದು. ಊರಿಂದ ಕೂಡ್ಲಿಗಿ, ಚಿತ್ರದುರ್ಗದ ಮೇಲೆ ರಾಜಧಾನಿಗೆ ಹೆಚ್ಚುಕಡಿಮೆ 300 ಕಿ.ಮೀ. ಹೆದ್ದಾರಿಯ ವೇಗದಲ್ಲಿ ಯೂನಿಟ್ಟಿಗೆ ಮೂರೂವರೆಯಿಂದ ನಾಲ್ಕು ಕಿ.ಮೀ. ಓಡುವ ಕಾರು ಹೊಸದಿದ್ದಾಗ ಅಲ್ಲಿಗೆ ಹೇಗೋ ಮುಟ್ಟುತ್ತಿತ್ತು. 69 ಯೂನಿಟ್‌ನ ಕಾರು 250ರ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಎಂದರೆ ದುರ್ಗದಲ್ಲೋ ತುಮಕೂರಿನಲ್ಲೋ ನಿಂತು ಚಾರ್ಜರಿನ ಸಾಲಿನಲ್ಲಿ ಚಹಾ ಕುಡಿಯಬೇಕು.

ವಾರಂಟಿ ಇದೆಯಲ್ಲ ಎನ್ನುವವರುಂಟು. ಇದೆ. ಬಹುಪಾಲು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಎಂದು ಬರೆದುಕೊಡುತ್ತವೆ. ಲೆಕ್ಕ ಶುರುವಾಗುವುದು ಮೊದಲ ಮಾಲೀಕ ಕೊಂಡ ದಿನದಿಂದ. 2021ರ ಜುಲೈಯಲ್ಲಿ ಮಾರಾಟವಾದ ಕಾರಿಗೆ 2029ರ ಜುಲೈಗೆ ಮುಗಿಯಿತು. ಆ ಕಾಗದದ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ. ಸವೆತಕ್ಕೆ ಕಂಪನಿ ಹೊಣೆಯಾಗುವುದು ಆರೋಗ್ಯ ಒಂದು ಗೆರೆಗಿಂತ ಕೆಳಗಿಳಿದರೆ ಮಾತ್ರ. ಸಾಮಾನ್ಯವಾಗಿ ಆ ಗೆರೆ ಶೇ 70. ಶೇ 72ರಲ್ಲಿ ನಿಂತ ಬ್ಯಾಟರಿ ಕೊಂಡವನಿಗೆ ದಕ್ಕುವುದು ಸವೆದ ಬ್ಯಾಟರಿ, ಬದಲಿ ಬ್ಯಾಟರಿ ಅಲ್ಲ. ಸರ್ವೀಸ್ ತಪ್ಪಿಸಿದ, ಹೊರಗಡೆ ಬಿಚ್ಚಿಸಿದ, ನೀರಿನಲ್ಲಿ ಮುಳುಗಿದ ಕಾರಿಗೆ ಆ ಕಾಗದವೂ ನಡೆಯುವುದು ಅನುಮಾನ.

ನೀರಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ಬಾನೆಟ್ ಮಟ್ಟ ನೀರಿನಲ್ಲಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. 2023ರ ಡಿಸೆಂಬರಿನಲ್ಲಿ ಚಂಡಮಾರುತ ಬಂದಾಗ ಚೆನ್ನೈಯಲ್ಲೂ ಅದೇ. ಹಾಗೆ ಮುಳುಗಿದ ಕಾರುಗಳು ಆಮೇಲೆ ಎಲ್ಲಿ ಹೋಗುತ್ತವೆ? ರಿಪೇರಿ ಖರ್ಚು ಮಿತಿ ಮೀರಿದರೆ ವಿಮಾ ಕಂಪನಿ ಮಾಲೀಕನಿಗೆ ಹಣ ಕೊಟ್ಟು ಲೆಕ್ಕ ಮುಗಿಸುತ್ತದೆ. ಉಳಿದ ಗಾಡಿ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಹಿಡಿದವನು ಒಣಗಿಸಿ, ತೊಳೆದು, ಪಾಲಿಶ್ ಮಾಡಿ, ಮುಳುಗಿದ ಊರಿನಿಂದ ದೂರದ ಊರಿಗೆ ದಾಟಿಸಿದರೆ ಹೊಸ ಗಿರಾಕಿಗೆ ಸುದ್ದಿ ಗೊತ್ತಾಗುವ ದಾರಿಯೇನು?

ದಾರಿಗಳಿವೆ. ಸೀಟಿನ ಕೆಳಗಿನ ಹಳಿಯಲ್ಲಿ, ಬೋಲ್ಟುಗಳ ತಲೆಯಲ್ಲಿ ತುಕ್ಕು ಇದೆಯೇ ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಂಡೀತು. ಕಾರ್ಪೆಟ್ ಎತ್ತಿ ಮೂಸಿ ನೋಡಬೇಕು. ಸುಗಂಧ ಸಿಂಪಡಿಸಿದಷ್ಟೂ ಸಂಶಯ ಹೆಚ್ಚಬೇಕು. ಸಂಡೂರಿನ ಕೆಂಪು ಧೂಳು ಬಾಗಿಲ ರಬ್ಬರಿನ ಒಳಗೆ ಕೂತರೆ ಹೇಗೆ ಹೋಗುವುದಿಲ್ಲವೋ, ಹೊಳೆಯ ಕೆಸರೂ ಹಾಗೆಯೇ. ಪೆಟ್ರೋಲ್ ಕಾರು ಮುಳುಗಿದರೆ ಇಂಜಿನ್ ಕೆಟ್ಟಿತು, ಬಿಚ್ಚಿ ಕಟ್ಟಬಹುದು. ವಿದ್ಯುತ್ ಕಾರಿನಲ್ಲಿ ಒಂದು ಕನೆಕ್ಟರಿನೊಳಗೆ ಸೇರಿದ ತೇವ ಆರು ತಿಂಗಳು ಸುಮ್ಮನಿದ್ದು ಆಮೇಲೆ ಮಾತಾಡಬಹುದು.

ಇನ್ನೊಂದು ಉಪಾಯ ಕಾಗದದ್ದು, ಬಹಳ ಜನ ಗಮನಿಸದ್ದು. ಮಾರುವವನ ವಿಮಾ ಪಾಲಿಸಿಯಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬ ಸಾಲಿರುತ್ತದೆ. ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಶೇ 20, ಮುಂದೆ 25, 35, 45, ಐದು ವರ್ಷವಾದರೆ 50. ಒಮ್ಮೆ ಪರಿಹಾರ ಪಡೆದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ ಶುರು. ಒಬ್ಬನೇ ಮಾಲೀಕನ ಕೈಯಲ್ಲಿದ್ದ ನಾಲ್ಕು ವರ್ಷದ ಕಾರಿನ ಪಾಲಿಸಿಯಲ್ಲಿ ಈ ಅಂಕಿ ಸೊನ್ನೆ ಇದ್ದರೆ, ‘ಒಂದು ಗೀರೂ ಬಿದ್ದಿಲ್ಲ’ ಎಂಬ ಮಾತನ್ನು ಪಾಲಿಸಿಯೇ ಅಲ್ಲಗಳೆದಂತೆ. ಬೋನಸ್ ಕಾಪಾಡಲು ಹೆಚ್ಚು ಹಣ ಕಟ್ಟುವ ಸೌಲಭ್ಯವೂ ಉಂಟು. ಆದ್ದರಿಂದ ಅಂಕಿ ಒಳ್ಳೆಯದಿದ್ದರೂ ವಿಮಾ ಕಂಪನಿಯಲ್ಲಿ ಹಿಂದಿನ ಕ್ಲೇಮಿನ ವಿವರ ಕೇಳುವುದು ಲೇಸು. ಈ ಬೋನಸ್ ಮಾಲೀಕನದು, ಗಾಡಿಯದಲ್ಲ. ಕೊಂಡವನಿಗೆ ಅದು ಸಿಗುವುದಿಲ್ಲ. ಓದಿ ತಿಳಿಯಲು ಮಾತ್ರ ಸಿಗುತ್ತದೆ.

ಇನ್ನು ನಂಬರ್ ಪ್ಲೇಟಿನ ಕಥೆ. 2025ರ ಜುಲೈಯಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರ ಎರಡು ರೋಲ್ಸ್ ರಾಯ್ಸ್ ಕಾರುಗಳಿಗೆ ಸಾರಿಗೆ ಇಲಾಖೆ ಒಟ್ಟು 38.26 ಲಕ್ಷ ರೂಪಾಯಿ ವಸೂಲಿಗೆ ನೋಟಿಸು ಕೊಟ್ಟಿತು. ಒಂದು ಅಮಿತಾಭ್ ಬಚ್ಚನ್ ಅವರದಾಗಿದ್ದ ಫ್ಯಾಂಟಮ್, ಇನ್ನೊಂದು ಆಮೀರ್ ಖಾನ್ ಅವರದಾಗಿದ್ದ ಘೋಸ್ಟ್. ಕೊಂಡು ವರ್ಷಗಳಾದರೂ ದಾಖಲೆಯಲ್ಲಿ ನಟರ ಹೆಸರೇ ಉಳಿದಿತ್ತು. ಸುದ್ದಿ ಓದಿದವರು ಬಚ್ಚನ್ ಸಾಹೇಬರಿಗೇ ದಂಡ ಬಿತ್ತೆಂದುಕೊಂಡರು. ಮಹಾರಾಷ್ಟ್ರದ ನಂಬರಿನ ಆ ಕಾರುಗಳು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಓಡಿದರೆ ಇಲ್ಲಿಯ ನಂಬರ್ ಪಡೆದು ಇಲ್ಲಿಯ ತೆರಿಗೆ ಕಟ್ಟಬೇಕು. ಕಾನೂನು ಅಷ್ಟು ಸರಳ. ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಹಿಡಿದಿದ್ದರು. ಜುಲೈಯಲ್ಲಿ ಒಂದು ಫೆರಾರಿಯ ಮಾಲೀಕರು ಒಂದೇ ದಿನ ಕಟ್ಟಿದ ತೆರಿಗೆ ಸುಮಾರು 1.42 ಕೋಟಿ ರೂಪಾಯಿ.

ವಿದ್ಯುತ್ ಕಾರಿಗೆ ತೆರಿಗೆಯೇ ಇಲ್ಲವಲ್ಲ ಎಂಬ ನಂಬಿಕೆ ಕೆಲವರಲ್ಲಿ ಈಗಲೂ ಉಳಿದಿದೆ. ಕರ್ನಾಟಕದಲ್ಲಿ 2016ರಿಂದ ಆ ವಿನಾಯಿತಿ ಇದ್ದದ್ದು ಹೌದು. 2024ರ ಮಾರ್ಚಿನಲ್ಲಿ 25 ಲಕ್ಷಕ್ಕೆ ಮೇಲ್ಪಟ್ಟ ವಿದ್ಯುತ್ ಕಾರುಗಳಿಗೆ ಶೇ 10 ಆಜೀವ ತೆರಿಗೆ ಬಂತು. ಅದಕ್ಕೆ ಮೊದಲು ಇಲ್ಲೇ ನೋಂದಣಿಯಾದ ಕಾರಿನ ಲೆಕ್ಕ ಬೇರೆ, ಈಗ ದೆಹಲಿಯಿಂದಲೋ ಪುದುಚೇರಿಯಿಂದಲೋ ಬರುವ ಕಾರಿನ ಲೆಕ್ಕ ಬೇರೆ. ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ ನಿಜ. ಆದರೂ ಕೋಟಿ ರೂಪಾಯಿಯ ಕಾರಿನ ಮೇಲೆ ಅದು ಸಣ್ಣ ಮೊತ್ತವಾಗದು. ಹೊಸಪೇಟೆಯ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿ, ಆ ಮೊತ್ತವನ್ನು ಬೆಲೆಗೆ ಕೂಡಿಸಿದ ಮೇಲೆ ಚೌಕಾಸಿಗೆ ಕೂರಬೇಕು. ಕೆಎ 35 ನಂಬರ್ ಬರುವವರೆಗೆ ಆದ ಖರ್ಚೆಲ್ಲ ಕಾರಿನ ಬೆಲೆಯೇ.

ದಾಖಲೆಗಳೇ ಸುಳ್ಳಾಗಿದ್ದರೆ? 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್ ಇಲಾಖೆಯವರು ‘ನುಮ್ಖೋರ್’ ಎಂಬ ಹೆಸರಿಟ್ಟು ಹುಡುಕಾಟ ನಡೆಸಿದರು. ಭೂತಾನದ ಭಾಷೆಯಲ್ಲಿ ಹಾಗೆಂದರೆ ವಾಹನ. ಅಲ್ಲಿಂದ ತೆರಿಗೆ ತಪ್ಪಿಸಿ ತಂದ ಬೆಲೆಬಾಳುವ ಹಳೆಯ ಗಾಡಿಗಳಿಗೆ ಖೊಟ್ಟಿ ಕಾಗದದ ಮೇಲೆ ಭಾರತದ ನಂಬರ್ ಹಾಕಿಸಿ ಮಾರಲಾಗಿದೆ ಎಂಬುದು ದೂರು. ಹೆಸರಾಂತ ನಟರ ಮನೆಗಳಲ್ಲೂ ತಪಾಸಣೆಯಾಯಿತು. ಕೊಂಡವನು ಅಮಾಯಕನೇ ಇರಬಹುದು. ಜಪ್ತಿಯಾಗುವುದು ಮಾತ್ರ ಅವನ ಅಂಗಳದ ಕಾರು. ಆದ್ದರಿಂದ ಆರ್‌ಸಿಯಲ್ಲಿರುವ ಷಾಸಿ ನಂಬರನ್ನು ಗಾಜಿನ ಬುಡದಲ್ಲಿ, ಬಾಗಿಲ ಕಂಬದಲ್ಲಿ ಕೆತ್ತಿರುವ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಮೊದಲ ಖರೀದಿಯ ಬಿಲ್ಲು ಕೇಳಬೇಕು. ಸರ್ಕಾರದ ಎಂ-ಪರಿವಾಹನ್‌ನಲ್ಲಿ ನಂಬರ್ ಹಾಕಿದರೆ ನೋಂದಣಿಯ ತಾರೀಖು, ವಿಮೆಯ ಅವಧಿ, ಸಾಲವಿದೆಯೇ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಕಳವಿನ ಗಾಡಿಯೋ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಸೌಲಭ್ಯವೂ ಇದೆ.

ಸಾಲದ ವಿಷಯದಲ್ಲಿ ವಿದ್ಯುತ್ ಕಾರಿಗೆ ಒಂದು ಹೊಸ ತೊಡಕು ಸೇರಿದೆ. ಇವುಗಳಲ್ಲಿ ಎಷ್ಟೋ ಕಾರುಗಳು ಕಂಪನಿಗಳ ಹೆಸರಿನಲ್ಲಿ, ಬಾಡಿಗೆ ಕರಾರಿನ ಮೇಲೆ ಓಡಿದಂಥವು. ದೆಹಲಿಯಲ್ಲೂ ಬೆಂಗಳೂರಿನಲ್ಲೂ ವಿದ್ಯುತ್ ಟ್ಯಾಕ್ಸಿ ಓಡಿಸುತ್ತಿದ್ದ ಬ್ಲೂಸ್ಮಾರ್ಟ್ 2025ರ ಏಪ್ರಿಲಿನಲ್ಲಿ ನಿಂತುಹೋಯಿತು. ಅದಕ್ಕೆ ಕಾರು ಒದಗಿಸುತ್ತಿದ್ದ ಜೆನ್ಸೋಲ್ ಕಂಪನಿ 6,400 ಕಾರುಗಳಿಗೆಂದು ಸಾಲ ಪಡೆದು ಕೊಂಡದ್ದು 4,704 ಮಾತ್ರ ಎಂದು ಸೆಬಿ ತನ್ನ ಆದೇಶದಲ್ಲಿ ಹೇಳಿತು. ಕಾರು ಯಾರದು, ಸಾಲ ಕೊಟ್ಟವರು ಯಾರು ಎಂಬ ವ್ಯಾಜ್ಯ ಕೋರ್ಟು ಮುಟ್ಟಿತು. ಅವು ಐಷಾರಾಮಿ ಕಾರುಗಳಲ್ಲ. ಆದರೆ ಲಗಾಮು ಒಬ್ಬನ ಕೈಯಲ್ಲಿ, ಕುದುರೆ ಇನ್ನೊಬ್ಬನದು ಎಂಬ ಪರಿಸ್ಥಿತಿ ದೊಡ್ಡ ಕಾರಿಗೂ ಬರುತ್ತದೆ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತದ ಕಾರು, ಹಳದಿ ಅಕ್ಷರವಿದ್ದರೆ ಬಾಡಿಗೆಯದು. ಇದನ್ನು ನೋಡುವುದಕ್ಕೆ ಖರ್ಚಿಲ್ಲ. ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಸಾಲದು. ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿರಬೇಕು. ಲಾರಿಯವರ ಭಾಷೆಯಲ್ಲಿ ಹೇಳುವುದಾದರೆ ‘ಎಚ್‌ಪಿ ಕ್ಯಾನ್ಸಲ್’ ಆಗಿರಬೇಕು.

ಬ್ಯಾಟರಿಯ ದೋಷಕ್ಕೆ ಕಂಪನಿಯೇ ಕಾರುಗಳನ್ನು ವಾಪಸು ಕರೆದದ್ದುಂಟು. 2020ರ ಡಿಸೆಂಬರಿನಲ್ಲಿ ಹ್ಯುಂಡೈ ಭಾರತದಲ್ಲಿ ಮಾರಿದ್ದ 456 ಕೋನಾ ಕಾರುಗಳನ್ನು ಪರೀಕ್ಷೆಗೆ ಕರೆಯಿತು. ಜಾಗ್ವಾರ್ ಐ-ಪೇಸ್ ವಿದೇಶಗಳಲ್ಲಿ ಬೆಂಕಿಯ ಭಯದಿಂದ ಮತ್ತೆ ಮತ್ತೆ ವಾಪಸಾಯಿತು. ಅಮೆರಿಕದಲ್ಲಿ ಕೆಲವನ್ನು ಕಂಪನಿಯೇ ಮರಳಿ ಕೊಂಡುಕೊಂಡಿತು. ಹಾಗೆ ಕರೆ ಬಂದ ಮಾದರಿಯನ್ನು ಕೊಳ್ಳಲೇಬಾರದೆಂದಲ್ಲ. ಹೊಸ ಬ್ಯಾಟರಿ ಪಡೆದ ಕಾರು ಹಳೆಯದಕ್ಕಿಂತ ಒಳ್ಳೆಯದೇ. ಕರೆದಾಗ ಈ ಷಾಸಿ ನಂಬರಿನ ಕಾರು ಹೋಗಿತ್ತೇ ಎಂಬುದು ಪ್ರಶ್ನೆ. ತಯಾರಿಕೆಯೇ ನಿಂತುಹೋದ ಇಕ್ಯುಸಿಯಂಥ ಕಾರಿಗೆ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದೂ ವಿಚಾರಿಸಬೇಕು. ಕೆಟ್ಟು ನಿಂತರೆ ಯಶವಂತನಗರದಿಂದ ಟ್ರಕ್ಕಿನ ಮೇಲೆ ಹೇರಿ ಕಳಿಸಬೇಕಾದವನು ಕೊಂಡವನು.

ಮಾರುವವರೂ ಮೈಮರೆಯುವಂತಿಲ್ಲ. ಕೈಯಿಂದ ಕೈಗೆ ದಾಟಿದ ಒಂದು ವಾಹನದ ಅಪಘಾತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದ್ದು, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು. ಆದ್ದರಿಂದ ಹೆಸರು ಬದಲಾಯಿಸುವ 29, 30ನೇ ನಮೂನೆಗಳಿಗೆ ಸಹಿ ಹಾಕಿಕೊಟ್ಟು ಮರೆತುಬಿಡುವುದು ಸಲ್ಲದು. ಕೊಂಡವನು 14 ದಿನದೊಳಗೆ ವಿಮೆಯನ್ನು ತನ್ನ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು, 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಹಣ ಕೊಡುವ ಮೊದಲು ಇನ್ನೊಂದು ಕೆಲಸ ಉಳಿದಿರುತ್ತದೆ. ಈ ಕಾರುಗಳು ಹಳೆಯ ಮಾಲೀಕನ ಮೊಬೈಲಿಗೆ ಗಂಟು ಬಿದ್ದಿರುತ್ತವೆ. ಅವನ ಖಾತೆಯಿಂದ ಕಾರನ್ನು ಬಿಡಿಸದಿದ್ದರೆ, ಕಾರು ಯಶವಂತನಗರದ ಯಾವ ಮನೆ ಮುಂದೆ ನಿಂತಿದೆ, ಎಷ್ಟು ಚಾರ್ಜ್ ಉಳಿದಿದೆ ಎಂದು ಅವನು ಬೆಂಗಳೂರಿನಲ್ಲಿ ಕೂತೇ ನೋಡಬಹುದು; ಕೆಲವು ಕಾರುಗಳ ಬಾಗಿಲನ್ನೂ ತೆಗೆಯಬಹುದು. ಎರಡು ಕೀಲಿ, ಚಾರ್ಜಿಂಗ್ ಕೇಬಲ್, ಗೋಡೆಗೆ ಹಾಕುವ ಚಾರ್ಜರ್ ಇಷ್ಟನ್ನೂ ಎಣಿಸಿಕೊಂಡು, ಅವನ ಎದುರಿಗೇ ಅವನ ಫೋನಿನಿಂದ ಕಾರನ್ನು ಅಳಿಸಿಹಾಕಿಸಿ, ಹೊಸ ಫೋನಿನಲ್ಲಿ ಬಾಗಿಲು ತೆಗೆದು ನೋಡಿದ ಮೇಲೆ ಚೆಕ್ ಬರೆಯಬಹುದು.